ಆಯಿಯ ಹೊಸ್ತಿಲ ಕಡ್ಲಿಹಿಟ್ಟು

ಮೊನ್ನೆ ಸಂಜೆ ಕೆಲಸದಿಂದ ಬಂದವಳು ಕೈಗೆ ಕೊಬ್ಬರಿ ಎಣ್ಣೆ ಸವರಿ, ಮೇಲೆ ಕಡ್ಲಿಹಿಟ್ಟು ಹಾಕಿ ಉಜ್ಜುತ್ತಿದ್ದೆ. ಬಾಣಂತನಕ್ಕೆ ಬಂದಿರುವ ಮಗಳು ಕೂಸನ್ನು ಎತ್ತಿಕೊಂಡು ನಿಂತಿದ್ದಳು. "ಸೋಪು ಇಲ್ಲೇನವ್ವ ಮನ್ಯಾಗ?" ಎಂದು ನಕ್ಕಳು. ಎಣ್ಣೆ, ಹಿಟ್ಟು ಕೂಡಿದ ಆ ವಾಸನೆಗೆ ನಮ್ಮ ಓಣಿಯ ಆಯಿ ಬಂದು ಎದುರಿಗೆ ಕುಳಿತಂತಾಗಿತ್ತು...

ಬ್ಯಾಡಗಿಯಲ್ಲಿ ಮೆಣಸಿನಕಾಯಿ ಸುಗ್ಗಿ ಬಂತೆಂದರೆ ಓಣಿಯ ಹೆಂಗಸರೆಲ್ಲ ತೊಟ್ಟು ಬಿಡಿಸಲು ಹೋಗುತ್ತೇವೆ. ಆಗೆಲ್ಲ ನಮ್ಮ ಕೂಸುಗಳನ್ನು ನೋಡಿಕೊಳ್ಳುತ್ತಿದ್ದವಳು ಆಯಿ. ಯಾರಿಗೂ ಸ್ವಂತ ಅಜ್ಜಿಯಲ್ಲ, ಎಲ್ಲರಿಗೂ ಆಯಿ. ಎರಡೇ ಖೋಲಿಯ ಮನೆ. ಐದು ಕೂಸುಗಳಾದ ಮೇಲೆ ಆರನೆಯದನ್ನು ಒಳಗೆ ಬಿಟ್ಟುಕೊಳ್ಳುತ್ತಿರಲಿಲ್ಲ. ಎಷ್ಟು ಗೋಗರೆದರೂ "ನನಗ ಇರೂವು ಎರಡ ಕಣ್ಣು" ಎನ್ನುತ್ತಿದ್ದಳು. ಯಾವ ಕೂಸು ಏನು ತಿಂದಿತು, ಎಷ್ಟು ಹೊತ್ತು ಮಲಗಿತು, ಎಲ್ಲ ಬಾಯಿಪಾಠ. ಮೊದಲ ಹೆಜ್ಜೆ ಇಟ್ಟಿದ್ದನ್ನು ಮಾತ್ರ ಹೇಳುತ್ತಿರಲಿಲ್ಲ. "ಇವತ್ತ ಮನ್ಯಾಗ ಸ್ವಲ್ಪ ಕೈ ಬಿಟ್ಟು ನೋಡು" ಎಂದಷ್ಟೇ ಹೇಳಿ ಒಳಗೆ ಹೋಗುತ್ತಿದ್ದಳು. ಅದನ್ನು ಮೊದಲು ಕಂಡವಳು ತಾನೇ ಎಂದು ತಾಯಿಗೆ ಅನಿಸಲಿ ಎಂಬುದು ಅವಳ ಆಸೆ.

ಅವಳದು ಒಂದೇ ಕಟ್ಟುನಿಟ್ಟು. ಹೊಸ್ತಿಲ ಹೊರಗೆ ಎಣ್ಣೆ, ಕಡ್ಲಿಹಿಟ್ಟು, ಒಂದು ಕೊಡ ನೀರು ಇಟ್ಟಿರುತ್ತಿದ್ದಳು. ಇಡೀ ದಿನ ಮೆಣಸಿನಕಾಯಿ ಹಿಡಿದ ನಮ್ಮ ಕೈಗೆ ಉರಿ ಗೊತ್ತೇ ಆಗುವುದಿಲ್ಲ, ಕೂಸಿನ ಮೈ ಹಾಗಲ್ಲ. ಉಜ್ಜಿ ತೊಳೆದ ಮೇಲೆ ಆಯಿ ನಮ್ಮ ಎರಡೂ ಕೈ ಹಿಡಿದು ಮೂಸಿ ನೋಡಿಯೇ ಕೂಸನ್ನು ಕೊಡುತ್ತಿದ್ದಳು.

ನಾನು ಕೆಲಸಕ್ಕೆ ಹೋಗುವುದು ಅತ್ತೆಗೆ ಸೇರುತ್ತಿರಲಿಲ್ಲ. "ನಿನ್ನ ಖಾರದ ಕೈಲೆ ಕೂಸಿಗೆ ಏನರ ಆತಂದ್ರ ಅವತ್ತಿಗೇ ಕೆಲಸ ಬಂದ್" ಎಂದು ಹೇಳಿಯೇ ಕಳಿಸಿದ್ದರು. ನಾಲ್ಕು ಗೋಡೆಯಿಂದ ಹೊರಬಿದ್ದು ನಾಲ್ಕು ಜನರೊಡನೆ ನಗುವುದಕ್ಕೆ ನನಗಿದ್ದದ್ದು ಆ ಕೆಲಸವೊಂದೇ.

ಒಂದು ಸಂಜೆ ಓಣಿಯ ತಿರುವಿಗೇ ಮಗಳ ಅಳು ಕೇಳಿಸಿತು. ಬಿದ್ದಳೋ ಏನೋ ಎಂದು ಓಡಿದೆ. ಕೊಡ ದಾಟಿದೆ, ಕೂಸನ್ನು ಎತ್ತಿಕೊಂಡು ಕಣ್ಣೀರು ಒರೆಸಿದೆ. ಅದು ಬರೀ ಹಸಿವಿನ ಅಳು. ನಾನು ಒರೆಸಿದ ಮೇಲೆ ಕೂಸು ಉಸಿರು ಕಟ್ಟುವ ಹಾಗೆ ಚೀರತೊಡಗಿತು. ಆಯಿ ಅದನ್ನು ನನ್ನಿಂದ ಕಸಿದುಕೊಂಡು ತಣ್ಣೀರು ಬಿಟ್ಟು ಕಣ್ಣು ತೊಳೆದೇ ತೊಳೆದಳು. ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಚೀರಾಟ ಕೇಳಿ ಅತ್ತೆ ಬಂದರು. "ಯಾರ ಕೈಲೆ ಆತಿದು?" ನಾನು ಬಾಯಿ ತೆರೆಯುವ ಮೊದಲೇ ಆಯಿ, "ನಂದ ತಪ್ಪವ್ವ. ಚಟ್ನಿ ಕುಟ್ಟಿದ ಕೈಲೆ ಮುಟ್ಟಿಬಿಟ್ಟೆ" ಎಂದಳು. ಮನೆಯಲ್ಲಿ ಕೂಸುಗಳಿರುವಾಗ ಆಕೆ ಖಾರದ ಡಬ್ಬಿಯನ್ನೇ ತೆಗೆಯುತ್ತಿರಲಿಲ್ಲ. ನಾನು ಸುಮ್ಮನೆ ನಿಂತೆ.

ಅತ್ತೆ ಸಿಟ್ಟಿಗೆ ಮಂಡಿನೋವನ್ನೂ ಮರೆತು ಕೂಸನ್ನು ತಾವೇ ನೋಡಿಕೊಳ್ಳತೊಡಗಿದರು. ನನ್ನ ಕೆಲಸ ಉಳಿಯಿತು. ಆಯಿಯ ಹೆಸರು ಉಳಿಯಲಿಲ್ಲ. ಇನ್ನಿಬ್ಬರು ತಾಯಂದಿರೂ ತಮ್ಮ ಕೂಸುಗಳನ್ನು ಬಿಡಿಸಿಕೊಂಡರು. ದಾರಿಯಲ್ಲಿ ಸಿಕ್ಕಾಗಲೆಲ್ಲ ಆಯಿ ಕೇಳುತ್ತಿದ್ದದ್ದು ಒಂದೇ, "ಹುಡುಗಿ ಮಾತಾಡಾಕತ್ತಾಳೇನ?" ಎಲ್ಲರಿಗೂ ನಿಜ ಇವತ್ತು ಹೇಳೋಣ, ನಾಳೆ ಹೇಳೋಣ ಎನ್ನುತ್ತಲೇ ವರ್ಷಗಳು ಹೋದವು... ಆಯಿ ತೀರಿಕೊಂಡ ದಿನ ಕೈ ಉಜ್ಜಿ ತೊಳೆದು ಹೋಗಿ ಅವಳ ಪಾದ ಮುಟ್ಟಿದೆ. ಅಷ್ಟೇ ನನ್ನಿಂದಾದದ್ದು.

ಆಯಿ ಕೂಸಿನ ಕಣ್ಣಿಗೆ ಖಾರ ಹಚ್ಚಿದ ಕಥೆ ನಮ್ಮ ಮನೆಯಲ್ಲಿ ಈಗಲೂ ನಗೆಯ ಮಾತು. ಮೊನ್ನೆ ಕೈ ಒರೆಸಿಕೊಳ್ಳುತ್ತ ಮಗಳಿಗೆ ಹೇಳಿದೆ, "ಆ ಕೈ ಆಯಿದಲ್ಲ. ನಂದು."

ಅವಳ ನಗು ನಿಂತಿತು. "ಆಕಿ ಇದ್ದಾಗ ಯಾರಿಗೂ ಹೇಳಲಿಲ್ಲೇನವ್ವ?" ಎಂದಳು. ಇಲ್ಲವೆಂದು ತಲೆಯಾಡಿಸಿದೆ. ಕೂಸಿಗಾಗಿ ತೋಳು ಚಾಚಿದೆ. ಮಗಳು ಕೂಸನ್ನು ಕೊಡುವ ಮೊದಲು, ಯಾರೂ ಹೇಳಿಕೊಡದೆಯೇ, ನನ್ನ ಎರಡೂ ಕೈ ಹಿಡಿದು ಮೂಸಿ ನೋಡಿದಳು.