ಕಟ್ಟಿದವರೇ ಬಿಚ್ಚಬೇಕಾದ ಚೀಟಿ

ವಿಶಾಖಪಟ್ಟಣದ ಮಗ್ಗುಲಿನ ಪೆಂಡುರ್ತಿಯ ನಮ್ಮ ಮನೆಯಲ್ಲಿ, ದೇವರ ಗೂಡಿನ ಪಕ್ಕದ ಗೂಡಿನಲ್ಲಿ, ಊದುಬತ್ತಿಯ ಪೊಟ್ಟಣಕ್ಕೂ ಟಾರ್ಚಿಗೂ ನಡುವೆ ಕೆಂಪು ರಟ್ಟಿನ ಚೀಟಿಗಳ ಒಂದು ಕಟ್ಟು ಇದೆ. ಪ್ರತಿ ಚೀಟಿಗೂ ಒಂದು ತೂತು, ತೂತಿಗೊಂದು ದಾರ. ‘ಕೆಲಸ ನಡೆದಿದೆ, ಸ್ವಿಚ್ ಹಾಕಬೇಡಿ’ ಎಂಬ ಒಕ್ಕಣೆ ಅದರ ಮೇಲೆ ಮೂರು ಭಾಷೆಗಳಲ್ಲಿದೆ, ಮೂರರಲ್ಲಿ ಕನ್ನಡವಿಲ್ಲ. ಕೆಳಗೆ ಹೆಸರಿಗೂ ಸಹಿಗೂ ಜಾಗ. ನಿವೃತ್ತಿಯ ದಿನ ಸಹೋದ್ಯೋಗಿಗಳು ನನಗೆ ಶಾಲು ಹೊದಿಸಿ ಹಣ್ಣಿನ ಬುಟ್ಟಿ ಕೊಟ್ಟರು. ಈ ಕಟ್ಟನ್ನು ಮಾತ್ರ ನಾನೇ ನನಗೆ ದಯಪಾಲಿಸಿಕೊಂಡೆ. ಇದಕ್ಕೆ ಕಳವು ಎನ್ನುವವರೊಂದಿಗೆ ನಾನು ವಾದಕ್ಕಿಳಿಯುವುದಿಲ್ಲ.

ವಿಶಾಖಪಟ್ಟಣ ಬಂದರಿನಿಂದ ಕಲ್ಲಿದ್ದಲು ತರಿಸಿಕೊಳ್ಳುವ ಒಂದು ಸರ್ಕಾರಿ ಕಾರ್ಖಾನೆಯ ವಿದ್ಯುತ್ ವಿಭಾಗದಲ್ಲಿ ಮೂವತ್ತು ವರ್ಷ ಎಂಜಿನಿಯರಾಗಿದ್ದವನು ನಾನು. ಅಲ್ಲಿ ಯಂತ್ರದ ಹೊಟ್ಟೆಯೊಳಗೆ ಕೈ ಹಾಕುವ ಮೊದಲು ಅದರ ಸ್ವಿಚ್ಚಿಗೆ ಈ ಚೀಟಿ ಕಟ್ಟಬೇಕು. ಯಾರು ಕಟ್ಟಿದರೋ ಅವರೇ ಬಿಚ್ಚಬೇಕು. ಜನರಲ್ ಮ್ಯಾನೇಜರೂ ಅದನ್ನು ಮುಟ್ಟುವಂತಿಲ್ಲ. ಮದುವೆಯಾದ ಮೊದಲ ಪಂಚಮಿಗೆ ಹೆಂಡತಿ ಸುಮಿತ್ರಾಳನ್ನು ಧಾರವಾಡದ ತವರಿಗೆ ಕರೆದೊಯ್ಯಲು ನಾನು ರೈಲಿನಲ್ಲಿ ಕುಳಿತಿದ್ದಾಗ ಕಾರ್ಖಾನೆಯ ಜೀಪು ನಿಲ್ದಾಣಕ್ಕೇ ಬಂತು. ಕಲ್ಲಿದ್ದಲಿನ ಕನ್ವೇಯರಿಗೆ ಕಟ್ಟಿದ ಚೀಟಿಯನ್ನು ಬಿಚ್ಚಲು ಮರೆತು ನಾನು ರೈಲು ಹತ್ತಿದ್ದೆ. ನನ್ನನ್ನು ಇಳಿಸಿಕೊಂಡರು, ರೈಲು ನವವಧುವಿನೊಂದಿಗೆ ಹೊರಟುಹೋಯಿತು. ತೆಲುಗಿನ ಒಂದಕ್ಷರ ತಿಳಿಯದ ಆಕೆ ಗಾಡಿ ಬದಲಿಸಬೇಕಾದ ವಿಜಯವಾಡದಲ್ಲಿ ಇಳಿದು, ಟ್ರಂಕಿನ ಮೇಲೆ ಕುಳಿತು, ಮುಂದಿನ ರೈಲಿನಲ್ಲಿ ನಾನು ಬರುವವರೆಗೂ ಅಲ್ಲಿಂದ ಕದಲಲಿಲ್ಲ. ಕಣ್ಣೀರನ್ನೋ ಕೋಪವನ್ನೋ ನಿರೀಕ್ಷಿಸಿ ಹೋದ ನನ್ನನ್ನು ಆಕೆ ಕೇಳಿದ್ದು ಒಂದೇ ಪ್ರಶ್ನೆ.

“ಬಿಚ್ಚಿ ಬಂದ್ರಿಲ್ಲೋ?”

ಇಷ್ಟು ಪೀಠಿಕೆಯ ನಂತರ ಹೃದಯದ ವಿಷಯಕ್ಕೆ ಬರೋಣ. ಅದು ಅಂಗರಚನೆಯ ಹೃದಯ, ಕವಿಗಳದ್ದಲ್ಲ. ಹತ್ತು ವರ್ಷಗಳ ಹಿಂದೆ ನನ್ನ ಹೃದಯ ಮಧ್ಯೆ ಮಧ್ಯೆ ವಿರಾಮ ತೆಗೆದುಕೊಳ್ಳಲಾರಂಭಿಸಿದ್ದರಿಂದ, ಎಡ ಹೆಗಲಿನ ಕೆಳಗೆ ಬೆಂಕಿಪೊಟ್ಟಣದಷ್ಟು ಗಾತ್ರದ ಒಂದು ಪೇಸ್‌ಮೇಕರನ್ನು ಹೂತು, ಅದರಿಂದ ಹೃದಯಕ್ಕೆ ಎರಡು ತಂತಿಗಳನ್ನು ಎಳೆದಿದ್ದರು. ಈ ಬೇಸಿಗೆಯಲ್ಲಿ ವಿಜಯವಾಡದ ಡಾಕ್ಟರು ಪರೀಕ್ಷೆ ಮಾಡಿ, ಬ್ಯಾಟರಿ ಮುಗಿಯುತ್ತ ಬಂದಿದೆ, ತಂತಿಗಳ ಹೊದಿಕೆಯೂ ಸವೆದಿದೆ, ಎಲ್ಲವನ್ನೂ ತೆಗೆದು ಹೊಸದು ಹಾಕಬೇಕು ಎಂದರು. ಮೋಟಾರು ಬದಲಿಸಿ ಹಳೆಯ ಕೇಬಲ್ ಉಳಿಸುವವನು ಎಂಜಿನಿಯರೇ ಅಲ್ಲ ಎಂದು ಎರಡು ತಲೆಮಾರಿನ ಕಿರಿಯರಿಗೆ ಉಪದೇಶಾಮೃತ ಕುಡಿಸಿದ ನಾನು, ಅವರೆದುರಿನ ಕುರ್ಚಿಯಲ್ಲಿ ಕುಳಿತು, ಬ್ಯಾಟರಿಯೊಂದನ್ನೇ ಬದಲಿಸಿ ತಂತಿಗಳನ್ನು ಹೇಗಾದರೂ ಸುಧಾರಿಸಿಕೊಂಡು ಹೋಗಲಾಗದೇ ಎಂದು ಅಂಗಲಾಚಿದೆ. ಹಳೆಯ ತಂತಿಗಳು ರಕ್ತನಾಳಕ್ಕೆ ಅಂಟಿಕೊಂಡಿವೆ, ಬಿಡಿಸುವುದು ನಾಜೂಕಿನ ಕೆಲಸ, ಅಪಾಯ ಅಲ್ಪ, ಆದರೆ ಶೂನ್ಯವಲ್ಲ ಎಂದು ಅವರು ಮುಗುಳ್ನಕ್ಕರು. ಕಂಬ ಹತ್ತುವವರಿಗೆ ನಾನೂ ಇದೇ ಮಾತನ್ನು ಇದೇ ಮುಗುಳ್ನಗೆಯೊಂದಿಗೆ ಹೇಳುತ್ತಿದ್ದೆ.

ಮಗಳು ವೀಣಾಳ ಮನೆ ವಿಜಯವಾಡದಲ್ಲೇ. ಅಳಿಯ ಕಿಶೋರ್ ತೆಲುಗಿನವನು, ಆಟೋನಗರದಲ್ಲಿ ಲಾರಿ ರಿಪೇರಿಯ ಶೆಡ್ ಇಟ್ಟಿದ್ದಾನೆ. “ಏಂ ಕಾದು ಮಾಮಯ್ಯಗಾರೂ,” ಎಂದು ಅವನು ಧೈರ್ಯ ತುಂಬಿದ. ಏನೂ ಆಗುವುದಿಲ್ಲ, ತಾನು ಲಾರಿಗಳಿಗೆ ದಿನಬೆಳಗಾದರೆ ವೈರಿಂಗ್ ಬದಲಿಸುತ್ತೇನೆ ಎಂದು ತೆಲುಗಿನಲ್ಲೇ ವಿವರಿಸಿದ. ಎಂಜಿನ್ ಬಂದ್ ಮಾಡಿಯೇ ಬದಲಿಸುತ್ತಾರೆ ಎಂಬ ಸಂಗತಿಯನ್ನು ಅವನು ಹೇಳಲಿಲ್ಲ, ನಾನೂ ಕೇಳಲಿಲ್ಲ.

ನಿಜ ಹೇಳಬೇಕೆಂದರೆ ನನಗೆ ಭಯವಾಗಿತ್ತು. ಭಯವಾದಾಗ ಕೆಲವರು ಜಪ ಮಾಡುತ್ತಾರೆ, ಕೆಲವರು ಉಯಿಲು ಬರೆಯುತ್ತಾರೆ. ನಾನು ಏನನ್ನಾದರೂ ಬಿಚ್ಚುತ್ತೇನೆ. ಮಗಳ ಮನೆಯ ಹಾಲಿನ ಫ್ಯಾನು ಟಕಟಕ ಎನ್ನುತ್ತಿತ್ತು. ಸ್ಟೂಲು ಹತ್ತಬೇಡಿ ಎಂದು ಸುಮಿತ್ರಾ, ಮಗಳು, ಅಳಿಯ ಮೂವರೂ ತಡೆದದ್ದರಿಂದ ಫ್ಯಾನನ್ನು ಬಿಟ್ಟು, ನಿರಪರಾಧಿಯಾದ ಅದರ ರೆಗ್ಯುಲೇಟರನ್ನು ಬಿಚ್ಚಿ ಹರಡಿಕೊಂಡು ಕುಳಿತೆ. ಅಷ್ಟರಲ್ಲಿ ಆಸ್ಪತ್ರೆಯಿಂದ ಫೋನು ಬಂತು: ಹಾಸಿಗೆ ಖಾಲಿಯಾಗಿದೆ, ಈಗಲೇ ಬನ್ನಿ. ನಾನು ಅಭ್ಯಾಸಬಲದಿಂದ ಚೀಲದಲ್ಲಿದ್ದ ಒಂದು ಕೆಂಪು ಚೀಟಿ ತೆಗೆದು, ಹೆಸರು ಬರೆದು, ಸಹಿ ಮಾಡಿ, ಫ್ಯಾನಿನ ಸ್ವಿಚ್ಚಿಗೆ ನೇತುಹಾಕಿ, ನಾನು ಬರುವವರೆಗೆ ಯಾರೂ ಮುಟ್ಟಬಾರದೆಂದು ಆಜ್ಞಾಪಿಸಿ ಹೊರಟೆ. ಕಾರಿನಲ್ಲಿ ಕುಳಿತ ಮೇಲೆ ನೆನಪಾಯಿತು: ಕಟ್ಟಿದವನು ಬಾರದೇ ಹೋದರೆ ಏನು ಮಾಡಬೇಕು ಎಂಬುದಕ್ಕೂ ನಮ್ಮ ನಿಯಮಪುಸ್ತಕದಲ್ಲಿ ಒಂದು ಕಲಮು ಇತ್ತು. ಆ ಪುಟವನ್ನು ನಾನು ಎಂದೂ ಓದಿರಲಿಲ್ಲ.

ಶಸ್ತ್ರಚಿಕಿತ್ಸೆಯ ಬಗ್ಗೆ ರೋಚಕವಾಗಿ ಬರೆಯುವ ಆಸೆಯೇನೋ ಇದೆ, ಆದರೆ ಆ ಹೊತ್ತಿನಲ್ಲಿ ನಾನು ಅಲ್ಲಿದ್ದೂ ಇಲ್ಲದವನಾಗಿದ್ದೆ. ಒಳಗೆ ಹೋಗುವ ಮುನ್ನ, ತಂತಿ ಬದಲಿಸುವಾಗ ಸಪ್ಲೈ ಎಲ್ಲಿಂದ ಎಂದು ಡಾಕ್ಟರನ್ನು ಕೇಳಿದ್ದೆ. ಅಲ್ಲಿಯವರೆಗೆ ತಾತ್ಕಾಲಿಕ ತಂತಿಯೊಂದಿರುತ್ತದೆ ಎಂದರು. ಬೈಪಾಸ್ ವ್ಯವಸ್ಥೆ ಸಮರ್ಪಕವಾಗಿದೆ ಎಂದು ಇಲಾಖೆಯ ಪರವಾಗಿ ಒಪ್ಪಿಗೆ ಸೂಚಿಸಿ ಕಣ್ಣು ಮುಚ್ಚಿದೆ. ಕಣ್ಣು ತೆರೆದಾಗ ಕಿಟಕಿಯಲ್ಲಿ ಬಿಸಿಲಿತ್ತು.

ಎಂಟು ದಿನ ಕಳೆದು, ಎಡಗೈಯನ್ನು ಜೋಲಿಯಲ್ಲಿ ಮಲಗಿಸಿಕೊಂಡು ಮಗಳ ಮನೆಗೆ ಬಂದೆ. ವಿಜಯವಾಡದ ಮೇ ತಿಂಗಳನ್ನು ಬಲ್ಲವರಿಗೆ ಹೆಚ್ಚು ಹೇಳಬೇಕಿಲ್ಲ. ಹಾಲಿನೊಳಗೆ ಕಾಲಿಟ್ಟೊಡನೆ ಧಗೆ ಮುಖಕ್ಕೆ ರಾಚಿತು. ಫ್ಯಾನು ನಿಂತಿತ್ತು. ಸ್ವಿಚ್ಚಿನಲ್ಲಿ ಚೀಟಿ ಹಾಗೆಯೇ ಇತ್ತು. ಸೋಫಾದ ಮೇಲೆ ಬೀಸಿ ಬೀಸಿ ಮುದುಡಿಹೋದ ಒಂದು ವೃತ್ತಪತ್ರಿಕೆ ಬಿದ್ದಿತ್ತು.

“ಎಲೆಕ್ಟ್ರಿಷಿಯನ್ ಎರಡು ಸಲ ಬಂದ ನಾನ್ನಾ. ಅಮ್ಮ ಲೋಪಲಿಗೇ ಬಿಡ್ಲಿಲ್ಲ,” ಎಂದಳು ವೀಣಾ. ಅಪ್ಪ ಎಂದೋ ‘ನಾನ್ನಾ’ ಆಗಿದ್ದ, ‘ಒಳಗೆ’ ಎಂಬ ಕನ್ನಡ ಪದವೂ ಅವಳ ಬಾಯಿಂದ ಹೊರಗೆ ಹೋಗಿ ವರ್ಷಗಳಾದವು.

ನಾನು ಸುಮಿತ್ರಾಳ ಮುಖ ನೋಡಿದೆ.

“ಕಟ್ಟಿದವರು ಬರ್ತಾರಂತ ಹೇಳಿ ಕಳಿಸಿದೆ,” ಎಂದಳು. “ಬ್ಯಾರೆಯವರ ಕೈಲೆ ಬಿಚ್ಚಿಸಿದ್ರ, ನೀವು ಬರಂಗಿಲ್ಲಂತ ನಾನ ಒಪ್ಪಿಕೊಂಡಂಗ ಆಗ್ತಿತ್ತು. ಈ ಊರಾಗ ನಿಮಗ ಕಾಯೋದು ನನಗೇನು ಹೊಸಾದಲ್ಲ.”

ನನಗೆ ಅಳು ಬಂತು. ಹೊಸ ಯಂತ್ರದ ಪರಿಣಾಮವಿರಬಹುದೆಂದು ಅಳಿಯನಿಗೆ ಸುಳ್ಳು ಹೇಳಿದೆ. ರೆಗ್ಯುಲೇಟರನ್ನು ಕಿಶೋರ್ ಹಿಡಿದುಕೊಂಡ, ನಾನು ಬಲಗೈಯಿಂದ ತಿರುಪುಗಳನ್ನು ಬಿಗಿದೆ, ಚೀಟಿಯ ಗಂಟು ಬಿಚ್ಚಿದೆ, ಸ್ವಿಚ್ ಒತ್ತಿದೆ. ಫ್ಯಾನು ತಿರುಗಿತು. ಟಕಟಕ ಸದ್ದು ಯಥಾಪ್ರಕಾರ ಇತ್ತು. ಸುಮಿತ್ರಾ ಅದರ ಕೆಳಗೆ ಕುಳಿತು ಕಣ್ಣು ಮುಚ್ಚಿಕೊಂಡಳು, ಎಂಟು ದಿನಗಳಲ್ಲಿ ಮೊದಲ ಸಲ ನಿದ್ದೆ ಹೋದಳು.

ಸದ್ದು ನಿಲ್ಲಿಸಲು ಮರುದಿನವೇ ಸ್ಟೂಲಿನತ್ತ ಹೊರಟ ನನ್ನನ್ನು ಆಕೆ ಹಿಡಿದಳು. ಆರು ವಾರ ಎಡಗೈಯನ್ನು ಹೆಗಲಿಗಿಂತ ಮೇಲೆ ಎತ್ತಬಾರದೆಂದು ಡಾಕ್ಟರ ಕಟ್ಟಪ್ಪಣೆಯಿತ್ತು. ಅದೇ ಚೀಟಿಯನ್ನು ತಂದು, ನನ್ನ ಹೆಸರು ಹೊಡೆದುಹಾಕಿ, ತನ್ನ ಹೆಸರು ಬರೆದು, ದುಂಡಗೆ ಸಹಿ ಮಾಡಿ, ನನ್ನ ಎಡಗೈಯ ಜೋಲಿಗೆ ಕಟ್ಟಿದಳು.

ಪೆಂಡುರ್ತಿಯ ಗೂಡಿನಲ್ಲಿ ಕಟ್ಟು ಈಗಲೂ ಇದೆ, ಒಂದು ಚೀಟಿ ಕಡಿಮೆ. ಆರು ವಾರ ಮುಗಿದು, ಜೋಲಿ ಹೋಗಿ, ಚೀಟಿ ನನ್ನ ಅಂಗಿಯ ಗುಂಡಿಗೆ ವರ್ಗವಾಗಿದೆ. ನೆರೆಯವರು ಓದಿ ನಗುತ್ತಾರೆ. ಕಟ್ಟಿದವರು ಇನ್ನೂ ಬಿಚ್ಚಿಲ್ಲ. ಬಿಚ್ಚು ಎಂದು ನಾನೂ ಕೇಳಿಲ್ಲ.