ಸಂತ ನಿಕೋಲಾಸನ ಕಾವಲಿಗೆ ಬಂದ ನಾಸ್ತಿಕ

ನಮ್ಮ ಸರೋವರದೂರಿನಲ್ಲಿ ಪಾದ್ರಿಗಳನ್ನು ಪ್ರೊಡ್ರೊಮೋಸನಷ್ಟು ಬಾಯ್ತುಂಬ ಬೈಯುವವರು ಇನ್ನೊಬ್ಬರಿರಲಿಲ್ಲ. ಅವನ ಕಾಫಿ ಅಂಗಡಿ ಮುಚ್ಚಿಹೋದಾಗ ಆಳುವ ಪಕ್ಷದಲ್ಲಿದ್ದ ಭಾವಮೈದುನ ಓಡಾಡಿ ಕೊಡಿಸಿದ ಕೆಲಸವಾದರೂ ಎಂಥದ್ದು? ಬೈಜಾಂಟಿಯನ್ ಮ್ಯೂಸಿಯಂನಲ್ಲಿ ಸಂತರ ಪಟಗಳ ಕಾವಲು.

"ಇನ್ಮೇಲೆ ನಿನ್ನ ಹೊಟ್ಟೆ ಹೊರೆಯೋರು ಸಂತರೇ ಕಣೋ," ಎಂದು ನಾವೆಲ್ಲ ನಕ್ಕೆವು.

ಒಂದು ದಿನ ಬೆಟ್ಟದ ಹಳ್ಳಿಯಿಂದ ಪೊಲಿಕ್ಸೇನಿ ಎಂಬ ಮುದುಕಿ ಬಂದಳು. ಕಳ್ಳರ ಭಯವೆಂದು ಅವರ ಚರ್ಚಿನ ಸಂತ ನಿಕೋಲಾಸನ ಪಟವನ್ನು ಮ್ಯೂಸಿಯಂಗೆ ತಂದಿದ್ದರು. ಮುದುಕಿ ನೇರವಾಗಿ ಪಟದ ಗಾಜಿಗೆ ತುಟಿ ಚಾಚಿದಳು.

"ಅಮ್ಮಾ, ಮುತ್ತಿಡಬಾರ್ದು! ಇದು ಸಂತ ಅಲ್ಲ. ಮರ, ಮೊಟ್ಟೆ ಹಳದೀಲಿ ಕಲಸಿದ ಬಣ್ಣ, ಅಷ್ಟೇ."

"ಮೊಟ್ಟೆಗೆ ಮುತ್ತು ಕೊಟ್ರೆ ನಿಂಗೇನಪ್ಪಾ ನಷ್ಟ?"

ಪ್ರೊಡ್ರೊಮೋಸನಿಗೆ ನಗು ತಡೆಯಲಾಗಲಿಲ್ಲ. ಮುದುಕಿ ತನ್ನ ಕೆಲಸ ಮುಗಿಸಿ ಹೋದಳು. ಸುದ್ದಿ ಹಬ್ಬಿತು. ಸುತ್ತಲಿನ ಹಳ್ಳಿಯ ಹೆಂಗಸರು ಚೀಸ್ ತುಂಬಿದ ಪೀಟಾ ಕಟ್ಟಿಕೊಂಡು ಬರತೊಡಗಿದರು. ಅವನು ತಿಂದು, ಮೀಸೆ ಒರೆಸಿಕೊಂಡು, ಆಮೇಲೆ ವಿನಿಗರ್ ಹಾಕಿ ಗಾಜು ಒರೆಸುತ್ತಿದ್ದ.

ಅಥೆನ್ಸಿನಿಂದ ಬಂದಿದ್ದ ಮ್ಯೂಸಿಯಂ ನಿರ್ದೇಶಕಿ ಥೆಯಾನೊ ಗಾಜಿನ ಮೇಲೆ ಒರೆಸದೆ ಉಳಿದ ತುಟಿಯ ಗುರುತು ಕಂಡು ಕೆಂಡವಾದಳು: ಮ್ಯೂಸಿಯಂ ಚರ್ಚ್ ಆಗುತ್ತಿದೆ! ಬಿಷಪ್ಪರೂ ಸಿಟ್ಟಾದರು: ತಮ್ಮ ಚರ್ಚಿನಲ್ಲಿ ಮೋಂಬತ್ತಿ ಕೊಳ್ಳುವವರೇ ಇಲ್ಲ, ಅಲ್ಲಿ ನಾಸ್ತಿಕನೊಬ್ಬ ದರ್ಶನ ಮಾಡಿಸುತ್ತಿದ್ದಾನೆ! ಪಟ ಯಾರದೆಂದು ವರ್ಷಗಟ್ಟಲೆ ಕಿತ್ತಾಡಿದ್ದ ಇಬ್ಬರೂ ಮೊದಲ ಸಲ ಒಂದೇ ಮಾತಾಡಿದರು. ಪ್ರೊಡ್ರೊಮೋಸನನ್ನು ಹಳೆಯ ಮಡಕೆ ಚೂರುಗಳ ಕೋಣೆಗೆ ಅಟ್ಟಿದರು. ಮಡಕೆಗೆ ಯಾರೂ ಮುತ್ತಿಡುವುದಿಲ್ಲ, ಪೀಟಾವನ್ನೂ ತರುವುದಿಲ್ಲ. ಅವನು ಸೊರಗಿದ.

ಸಂತ ನಿಕೋಲಾಸನ ಹಬ್ಬ ಬಂತು. ಹೊಸ ಕಾವಲುಗಾರ ಅಡ್ಡ ನಿಂತದ್ದೇ ತಡ, ಪೊಲಿಕ್ಸೇನಿ ಪಟದೆದುರು ನೆಲದ ಮೇಲೆ ಕುಳಿತುಬಿಟ್ಟಳು. ಹಿಂದೆ ಬಂದ ಹೆಂಗಸರೂ ಕುಳಿತರು. ಪೊಲೀಸರನ್ನು ಕರೆಸಿದರೆ, ಬಂದ ಪೇದೆಯ ಅತ್ತೆಯೇ ಮುಂದಿನ ಸಾಲಿನಲ್ಲಿದ್ದಳು. ಅವನು ಟೋಪಿ ತೆಗೆದು ಕೈಯಲ್ಲಿ ಹಿಡಿದು ಬಾಗಿಲಲ್ಲೇ ನಿಂತ. ಬೇರೆ ದಾರಿಯಿಲ್ಲದೆ ಥೆಯಾನೊ ಪ್ರೊಡ್ರೊಮೋಸನನ್ನು ಕರೆಸಿದಳು.

"ಇವರನ್ನ ಹೇಗಾದ್ರೂ ಎಬ್ಬಿಸಿ."

"ಎಬ್ಬಿಸ್ತೀನಿ ಮೇಡಂ. ನೀವು ಒಂಚೂರು ಆ ಕಿಟಕಿ ಹತ್ರ ಬನ್ನಿ. ಸರೋವರದ ಮೇಲೆ ಮಂಜು ಎಷ್ಟು ಚೆನ್ನಾಗಿದೆ ನೋಡಿ."

ಥೆಯಾನೊ ಅವನ ಮುಖ ನೋಡಿದಳು, ನೆಲದ ಮೇಲೆ ಕುಳಿತವರನ್ನು ನೋಡಿದಳು, ಕೊನೆಗೆ ಮಂಜು ನೋಡಲು ಹೋದಳು. ಬಹಳ ಹೊತ್ತು ನೋಡಿದಳು. ಬೆನ್ನ ಹಿಂದೆ ಲೊಚಲೊಚ ಸದ್ದು ನಿಂತ ಮೇಲೇ ತಿರುಗಿದ್ದು.

ಆ ವರ್ಷದ ವರದಿಯಲ್ಲಿ ಅವಳು ಇದನ್ನು 'ಸ್ಥಳೀಯ ಸಮುದಾಯದ ಸಹಭಾಗಿತ್ವ' ಎಂದು ಬರೆದಳು. ಅಥೆನ್ಸಿನವರು ಭೇಷ್ ಎಂದರು. ಅದು ತಮ್ಮದೇ ಸಲಹೆಯೆಂದು ಬಿಷಪ್ಪರು ಈಗಲೂ ಹೇಳಿಕೊಂಡು ತಿರುಗುತ್ತಾರೆ. ಪ್ರೊಡ್ರೊಮೋಸ್ ಮತ್ತೆ ಪಟಗಳ ಕೋಣೆಗೆ ಬಂದು, ನಿವೃತ್ತಿಯವರೆಗೆ ಅಲ್ಲೇ ಇದ್ದು ದಪ್ಪಗಾದ. ಭಾನುವಾರ ಹೆಂಡತಿಯನ್ನು ಚರ್ಚಿನ ಬಾಗಿಲತನಕ ಬಿಟ್ಟು, ಹೊರಗೆ ಗೋಡೆ ಮೇಲೆ ಕುಳಿತು, ನಮ್ಮ ಜತೆ ಸಿಗರೇಟು ಸೇದುತ್ತಾ ಪಾದ್ರಿಗಳನ್ನು ಬೈಯುತ್ತಾನೆ.