ಒಂದು ಬೇಸಿಗೆಯ ಬೋಟು

ಕೆಳಮನೆಯ ಅಂಕಲ್ಲರ ಕಾಲ್ಬೆರಳುಗಳು ಮುನಿಸಿಕೊಂಡ ದಾಯಾದಿಗಳ ಹಾಗೆ ದೂರದೂರ ನಿಂತಿರುತ್ತಿದ್ದವು. ಕುಂದಾಪುರದ ಕಡೆಯ ಕಡಲ ದಂಡೆಯಲ್ಲಿ ಪ್ರಾಯಕ್ಕೆ ಬರುವವರೆಗೂ ಚಪ್ಪಲಿ ಕಾಣದ ಕಾಲು. ಯಾರದೇ ಬೋಟು ಹತ್ತುವ ಮೊದಲು, ಏಪ್ರಿಲ್‌ನ ಚಳಿಯಲ್ಲೂ, ಬೂಟು ಕಾಲುಚೀಲ ಬಿಚ್ಚಿ ಕಟ್ಟೆಯ ಮೇಲಿಟ್ಟು ಬರಿಗಾಲಲ್ಲೇ ಹತ್ತುವರು. ಮಾರಲು ನಿಂತ ಡಚ್ಚರು ಮಾಸ್ಕಿನ ಮೇಲಿಂದ ಆ ಕಾಲುಗಳನ್ನೇ ನೋಡುತ್ತಿದ್ದರು. ಅಂಕಲ್ಲರಿಗೆ ಅದರ ಗೊಡವೆಯೇ ಇಲ್ಲ. ‘ದೋಣಿ ಅಂದ್ರೆ ಮನೆ ಅಲ್ದಾ, ಮೆಟ್ಟು ಹಾಕಿ ಹೋಪುದಾ?’ ಎನ್ನುತ್ತಿದ್ದರು.

ಡಚ್ಚರ ನಾಡಿನ ನ್ಯೂವೆಗೈನ್‌ನಲ್ಲಿ ಅವರ ಮನೆಯ ಮೇಲೇ ನಮ್ಮ ಮನೆ. ನಾನು ಮೈಸೂರಿನವನು, ಸಮುದ್ರ ನೋಡಿದ್ದೇ ಶಾಲೆಯ ಪ್ರವಾಸದಲ್ಲಿ. ಅವರು ರಾಟರ್‌ಡ್ಯಾಮಿನ ಹಡಗು ರಿಪೇರಿ ಅಂಗಳದಲ್ಲಿ ಮೂವತ್ತು ವರ್ಷ ಎಂಜಿನ್ ಬಿಚ್ಚಿ ಜೋಡಿಸಿ, ಸರಿಯಾಗಿ ಕೊರೋನಾ ಬಂದ ವರ್ಷ ನಿವೃತ್ತರಾದರು. ಬದುಕಿಡೀ ಬೇರೆಯವರ ಹಡಗು ರಿಪೇರಿ ಮಾಡಿದ್ದಾಯಿತು, ಇನ್ನು ಸ್ವಂತದ್ದೊಂದು ಹಾಯಿದೋಣಿ ಕೊಂಡು ಈ ದೇಶದ ಕರಾವಳಿಗುಂಟ ಉತ್ತರದ ದ್ವೀಪಗಳವರೆಗೆ ಹೋಗಬೇಕು ಎಂಬುದು ಅವರ ಆಸೆ. ಆಂಟಿ ಕಡಲಮಗ್ಗುಲಲ್ಲೇ ಹುಟ್ಟಿದವರಾದರೂ ನೀರೆಂದರೆ ಹೆದರುತ್ತಿದ್ದರು. ಮರುವರ್ಷ ಕೊನೆಗೂ ಒಪ್ಪಿದ್ದು ಒಂದೇ ಒಂದು ಬೇಸಿಗೆಗೆ. ‘ಒಂದು ಬೇಸ್ಗೆ ಬತ್ತೆ. ಮತ್ತೆ ಮಾರ್ಬೇಕು.’

ಅಂಕಲ್ ಕಾರು ಓಡಿಸುತ್ತಿರಲಿಲ್ಲ. ನನಗೋ ಮನೆಯಿಂದಲೇ ಆಫೀಸು, ಶನಿವಾರ ಹೊರಗೆ ಹೋಗಲು ಒಂದು ನೆಪ ಬೇಕಿತ್ತು. ಕಿಟಕಿ ಇಳಿಸಿಕೊಂಡು, ಅವರಿಬ್ಬರನ್ನು ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು ಬಂದರಿನಿಂದ ಬಂದರಿಗೆ ಅಲೆದೆ. ವಿಮಾನವಿಲ್ಲದ ಕಾಲ, ದೇಶಕ್ಕೆ ದೇಶವೇ ಬೋಟು ಹುಡುಕುತ್ತಿತ್ತು. ನಾವು ನೋಡಿದ ಬೋಟು ಮರುದಿನ ಇನ್ಯಾರದೋ ಆಗಿರುತ್ತಿತ್ತು.

ಅಂಕಲ್ಲರ ಷರತ್ತುಗಳು ಕೆಲವೇ. ಕಡಲಿನ ಇಳಿತಕ್ಕೆ ನೀರಿಳಿದಾಗ ಬೋಟು ಮರಳಿನ ಮೇಲೆ ವಾಲದೆ ನೆಟ್ಟಗೆ ಕೂರಬೇಕು. ಮಂಡಿನೋವಿನ ಆಂಟಿ ಒಳಗಿನ ಏಣಿಯನ್ನು ಸರಾಗವಾಗಿ ಇಳಿಯಬೇಕು, ಒಲೆಯ ಮುಂದೆ ಬಗ್ಗದೆ ನಿಲ್ಲಬೇಕು. ಇವು ಸರಿಯಿದ್ದರೆ ಕೊನೆಯ ಪರೀಕ್ಷೆ. ಒಳಗಿನ ನೆಲದ ಹಲಗೆ ಎತ್ತಿ, ತಳದಲ್ಲಿ ನಿಂತ ನೀರಿಗೆ ಬೆರಳದ್ದಿ ನಾಲಿಗೆಗೆ ಹಚ್ಚುವುದು. ಸಪ್ಪೆಯಾಗಿದ್ದರೆ ಮೇಲಿನಿಂದ ಸೋರಿದ ಮಳೆನೀರು, ಚಿಂತೆಯಿಲ್ಲ. ಉಪ್ಪಾಗಿದ್ದರೆ ತಳದಿಂದ ಸಮುದ್ರವೇ ಒಳಗೆ ಬರುತ್ತಿದೆ ಎಂದರ್ಥ. ಸಿಹಿನೀರಿನ ಸರೋವರದಲ್ಲಿ ನಿಂತ ಬೋಟು ಗುಟ್ಟು ಬಿಟ್ಟುಕೊಡುವುದಿಲ್ಲವೆಂದು ಅವರು ಉಪ್ಪುನೀರಿನ ಬಂದರುಗಳಿಗೆ ಮಾತ್ರ ಹೋಗುತ್ತಿದ್ದರು. ತಪಾಸಣೆಗೆ ತಜ್ಞರನ್ನು ಕರೆಸೋಣವೇ ಎಂದರೆ, ಅವರು ಬರುವಷ್ಟರಲ್ಲಿ ಬೋಟು ಉಳಿಯಬೇಕಲ್ಲ ಎಂದು ನಗುತ್ತಿದ್ದರು.

ದಕ್ಷಿಣದ ಜೀಲ್ಯಾಂಡ್ ಕರಾವಳಿಯ ಒಂದು ಬಂದರಿನಲ್ಲಿ ಅಂತೂ ಅಂಥ ಬೋಟು ಸಿಕ್ಕಿತು. ಆಂಟಿ ಏಣಿ ಇಳಿದರು, ಒಲೆಯ ಮುಂದೆ ನಿಂತು ನೋಡಿ ‘ಆತ್ತ್, ಅಡ್ಡಿಲ್ಲ’ ಎಂದು ಮೇಲೆ ಹೋದರು. ಅಂಕಲ್ ಹಲಗೆ ಎತ್ತಿ ಬೆರಳದ್ದಿ ನೆಕ್ಕಿದರು. ಮತ್ತೆ ನೆಕ್ಕಿದರು. ಆಮೇಲೆ ನನ್ನ ಕಡೆ ತಿರುಗಿ ದನಿ ತಗ್ಗಿಸಿದರು.

‘ಜ್ವರ ಬಂದ ಮೇಲೆ ನಾಲ್ಗೆ ಸತ್ತೇ ಹೋಯ್ತು ಮಾರಾಯ್ರೆ. ಆಂಟಿ ಹತ್ರ ಹೇಳ್ಬೇಡಿ, ಗೊತ್ತಾದ್ರೆ ಬೋಟೇ ಬೇಡ ಅಂಬ್ರ್. ನೀವೊಮ್ಮೆ ನೋಡಿ ಕಾಂಬ.’

ಫೆಬ್ರವರಿಯಲ್ಲಿ ಅವರಿಗೆ ಕೊರೋನಾ ಬಂದಿದ್ದು ನನಗೆ ಗೊತ್ತಿತ್ತು. ರುಚಿ ಹೋಗಿದ್ದು ಗೊತ್ತಿರಲಿಲ್ಲ. ಆ ನೀರೋ, ಕಪ್ಪಗೆ, ಡೀಸೆಲ್ ವಾಸನೆ. ಅದರಲ್ಲಿ ಅವರು ನೆಕ್ಕಿದ ಬೆರಳನ್ನೇ ಎರಡು ಸಲ ಅದ್ದಿದ್ದರು. ಸೇಬನ್ನೂ ಸೋಪಿನಲ್ಲಿ ತೊಳೆಯುತ್ತಿದ್ದ ಮಹಾಶಯ ನಾನು. ಚಿಕ್ಕಂದಿನಲ್ಲಿ ಕಷಾಯ ನೆಕ್ಕಲು ಹೇಳಿದ ಅಜ್ಜಿಗೆ ಮಾಡಿದ ಮೋಸವನ್ನೇ ಮಾಡಿದೆ. ನಡುಬೆರಳನ್ನು ನೀರಿಗೆ ಅದ್ದಿದೆ, ತೋರುಬೆರಳನ್ನು ಚೀಪಿದೆ.

‘ಸಪ್ಪೆ ಅಂಕಲ್,’ ಎಂದೆ.

ಅವರ ಮುಖ ಅರಳಿದ್ದು ಕಂಡು ಒಳ್ಳೆಯ ಕೆಲಸ ಮಾಡಿದೆನೆಂದೇ ಅನ್ನಿಸಿತು, ನನ್ನ ಬುದ್ಧಿಗಿಷ್ಟು! ಅಂದೇ ಸಹಿಯಾಯಿತು.

ಮೇ ತಿಂಗಳಲ್ಲಿ ತಳಕ್ಕೆ ಬಣ್ಣ ಬಳಿಯಲು ಕ್ರೇನಿನಿಂದ ಬೋಟನ್ನು ಮೇಲೆತ್ತಿದರು. ತಳದ ಬೆಸುಗೆಯುದ್ದಕ್ಕೂ ಒಳಗಿನ ನೀರು ತೊಟ್ಟಿಕ್ಕತೊಡಗಿತು. ರಿಪೇರಿ ಅಂಗಳದಲ್ಲಿ ಕೆಲಸಗಾರರಿಲ್ಲ, ಸಾಮಾನು ಬರುವುದು ತಿಂಗಳುಗಟ್ಟಲೆ ತಡ. ಅಂಕಲ್ ತಾವೇ ತಳದ ತುಕ್ಕು ಉಜ್ಜಲು ಕೂತರು. ಪ್ರತಿ ಶನಿವಾರ ನಾನೂ ಹೋದೆ. ಪಕ್ಕದ ಬೋಟುಗಳು ಒಂದೊಂದಾಗಿ ನೀರಿಗಿಳಿದು ಹೋದವು. ಒಪ್ಪಿದ ಬೇಸಿಗೆ ಮುಗಿಯುತ್ತಿದೆ ಎಂದು ಆಂಟಿ ಆಗಾಗ ನೆನಪಿಸುತ್ತಿದ್ದರಂತೆ. ಜುಲೈಯಲ್ಲಿ ಒಂದು ದಿನ ತಡೆಯಲಾರದೆ ಎಲ್ಲ ಹೇಳಿಬಿಟ್ಟೆ.

ಅವರು ಉಜ್ಜುವುದನ್ನು ನಿಲ್ಲಿಸಲಿಲ್ಲ. ‘ಮೇಲೆತ್ತಿದ ದಿನವೇ ಗೊತ್ತಾಯ್ತು ಮಾರಾಯ್ರೆ. ನೀವು ನಂಗೆ ಸುಳ್ಳು ಹೇಳಿದ್ರಿ, ನಾನು ಅವ್ಳ ಹತ್ರ ಮುಚ್ಚಿಟ್ಟೆ. ಹೋಗ್ಲಿ ಬಿಡಿ. ಆ ಬದಿ ಹಿಡೀರಿ.’

ಅಷ್ಟೇ. ನಾಲ್ಕು ಬೈದಿದ್ದರೆ ಹಗುರಾಗುತ್ತಿದ್ದೆ.

ಬೋಟು ನೀರಿಗಿಳಿದಾಗ ಸೆಪ್ಟೆಂಬರ್ ಅರ್ಧ ಕಳೆದಿತ್ತು. ಗಾಳಿ ಕೆಡುವ ಮೊದಲು ಅವರಿಬ್ಬರಿಗೆ ಸಿಕ್ಕಿದ್ದು ಹನ್ನೊಂದು ದಿನ. ನನ್ನನ್ನೂ ಕರೆದರು. ಆಂಟಿಯ ಮುಖ ನೋಡಲು ಧೈರ್ಯವಿಲ್ಲದೆ ಆಫೀಸಿನ ನೆಪ ಹೇಳಿದೆ. ಆ ಚಳಿಗಾಲದಲ್ಲೇ ಅಂಕಲ್ ಹೃದಯಾಘಾತದಿಂದ ಹೋದರು. ಅಂತ್ಯಸಂಸ್ಕಾರಕ್ಕೆ ಕರೆದ ಕೆಲವೇ ಜನರಲ್ಲಿ ಆಂಟಿ ನನ್ನನ್ನೂ ಸೇರಿಸಿದ್ದರು.

ವಸಂತದಲ್ಲಿ ಬೋಟು ಮಾರಲು ಆಂಟಿಯನ್ನು ನಾನೇ ಕರೆದುಕೊಂಡು ಹೋದೆ. ಬರುವಾಗ ಕಾರಿನಲ್ಲಿ ಅವರು ಆ ಹನ್ನೊಂದು ದಿನಗಳ ಮಾತು ತೆಗೆದರು. ನೀರಿಳಿದ ಮರಳಿನ ಮೇಲೆ ಬೋಟು ನಿಂತಿತ್ತಂತೆ, ಆಂಟಿ ಕೆಳಗಿಳಿದು ಅದರ ಸುತ್ತ ಬರಿಗಾಲಲ್ಲಿ ನಡೆದರಂತೆ, ಹೆದರಿಕೆಯೇ ಆಗಲಿಲ್ಲವಂತೆ. ಮುಂದಿನ ಬೇಸಿಗೆಗೂ ಬರುತ್ತೇನೆಂದು ತಾವೇ ಹೇಳಿದ್ದರಂತೆ.

‘ಅವ್ರು ಇಷ್ಟೇ ಸಾಕು ಅಂದ್ರು,’ ಎಂದರು ಆಂಟಿ. ‘ನಂಗೆ ಸಾಕಾಗ್ಲಿಲ್ಲ.’

ಬೇಸಿಗೆ ಯಾಕೆ ಹಾಳಾಯಿತೆಂದು ಅಂಕಲ್ ಆಕೆಗೆ ಕೊನೆಯವರೆಗೂ ಹೇಳಿರಲಿಲ್ಲ. ನಾನೂ ಇನ್ನೂ ಹೇಳಿಲ್ಲ.